ಐಟಿ ಅಡ್ಮಿನ್ ಕೆಲಸ: ನಂಬಿದ್ದೆಷ್ಟು, ನಿಜವೆಷ್ಟು

2024ರ ಜುಲೈ 19, ಶುಕ್ರವಾರ. ಬೆಳಿಗ್ಗೆ ಹತ್ತರ ಆಸುಪಾಸಿನಲ್ಲಿ ಕಚೇರಿಗಳ ಕಂಪ್ಯೂಟರ್ ಪರದೆಗಳು ಒಂದೊಂದಾಗಿ ನೀಲಿಗೆ ತಿರುಗಿದವು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಚೆಕ್‌ಇನ್ ಸಾಲುಗಳು ಬೆಳೆದವು. ದೇಶದ ಕೆಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದು ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಎರಡು ಮಾತು ಎಲ್ಲ ಕಡೆ ಹಬ್ಬಿದ್ದವು. ಇದು ಹ್ಯಾಕರ್‌ಗಳ ಕೈವಾಡ ಎಂಬುದು ಒಂದು. ಅಮೆರಿಕದಲ್ಲಿ ಯಾರೋ ಒಂದು ಬಟನ್ ಒತ್ತಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಇನ್ನೊಂದು. ಎರಡೂ ತಪ್ಪು.

ಆವತ್ತು ಯಾರೂ ದಾಳಿ ಮಾಡಿರಲಿಲ್ಲ. ಕಂಪ್ಯೂಟರನ್ನು ಕಾಯಬೇಕಾದ ಫಾಲ್ಕನ್ ಎಂಬ ತಂತ್ರಾಂಶಕ್ಕೆ ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ಅಪ್‌ಡೇಟಿನಲ್ಲೇ ದೋಷವಿತ್ತು. ಹೊಸ ಕಡತ 21ನೆಯ ಮೌಲ್ಯವೊಂದನ್ನು ಕೇಳುತ್ತಿತ್ತು, ಅದನ್ನು ಓದುವ ಪ್ರೋಗ್ರಾಂ ಬಳಿ ಇದ್ದದ್ದು 20 ಮಾತ್ರ. ತನ್ನದಲ್ಲದ ಮೆಮೊರಿಗೆ ಪ್ರೋಗ್ರಾಂ ಕೈಹಾಕಿತು. ಅದು ನಡೆದದ್ದು ವಿಂಡೋಸಿನ ಒಳತಿರುಳಾದ ಕರ್ನಲ್‌ನಲ್ಲಿ, ಹಾಗಾಗಿ ಇಡೀ ಯಂತ್ರವೇ ಬಿತ್ತು. ನಮ್ಮ ಗಡಿಯಾರದಲ್ಲಿ 9:39ಕ್ಕೆ ಹೊರಟ ಅಪ್‌ಡೇಟನ್ನು ಕಂಪನಿ 10:57ಕ್ಕೆ ಹಿಂತೆಗೆದುಕೊಂಡಿತು. ಅಷ್ಟರೊಳಗೆ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, 85 ಲಕ್ಷ ಯಂತ್ರಗಳು ಮಲಗಿದ್ದವು.

“ಎಲ್ಲವೂ ಕೂತಲ್ಲಿಂದಲೇ ಆಗುತ್ತದೆ”

ಎಪ್ಪತ್ತೆಂಟು ನಿಮಿಷಕ್ಕೇ ತಪ್ಪು ತಿದ್ದಿದ್ದರೂ ಕೆಲವು ಸಂಸ್ಥೆಗಳು ಚೇತರಿಸಿಕೊಳ್ಳಲು ದಿನಗಳೇ ಹಿಡಿದವು. ಕಾರಣ ಸರಳ. ಬೂಟ್ ಆಗುವಷ್ಟರಲ್ಲೇ ಬೀಳುವ ಯಂತ್ರ ನೆಟ್‌ವರ್ಕಿಗೆ ಬರುವುದಿಲ್ಲ, ನೆಟ್‌ವರ್ಕಿಗೆ ಬಾರದ ಯಂತ್ರಕ್ಕೆ ದೂರದಿಂದ ಪರಿಹಾರ ಕಳಿಸಲಾಗದು. ಬಹಳಷ್ಟು ಕಡೆ ಒಬ್ಬ ಮನುಷ್ಯ ಆ ಯಂತ್ರದ ಮುಂದೆ ಹೋಗಿ ನಿಂತು, ಸೇಫ್ ಮೋಡ್‌ಗೆ ತಂದು, ಆ ಕಡತವನ್ನು ಅಳಿಸಬೇಕಾಯಿತು. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಮೊದಲು 48 ಅಂಕಿಗಳ ರಿಕವರಿ ಕೀ ಟೈಪಿಸಬೇಕು. ಆ ಕೀಗಳ ಪಟ್ಟಿ ಎಲ್ಲಿದೆ? ಅದೂ ಬಿದ್ದುಹೋದ ಸರ್ವರಿನಲ್ಲೇ ಇದ್ದರೆ ಮೊದಲು ಅದನ್ನು ಎಬ್ಬಿಸಬೇಕು. ಪಟ್ಟಿಯ ಪ್ರತಿಯನ್ನು ಬೇರೆ ಕಡೆ ಇಟ್ಟಿದ್ದ ಅಡ್ಮಿನ್ ಬೇಗ ಗೆದ್ದ. ಇಡದವನು ಎಷ್ಟೇ ಜಾಣನಾಗಿದ್ದರೂ ಒದ್ದಾಡಿದ.

ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಇದೇ. ಕೆಟ್ಟ ದಿನ ತೋರುವ ಚುರುಕುತನವನ್ನೇ ಅಡ್ಮಿನ್ ಕೆಲಸ ಎಂದು ಜನ ತಿಳಿದಿದ್ದಾರೆ. ಆ ದಿನ ಏನಾಗುತ್ತದೆ ಎಂಬುದು ಎಷ್ಟೋ ತಿಂಗಳ ಹಿಂದೆ, ಯಾರೂ ಗಮನಿಸದ ಒಂದು ಮಧ್ಯಾಹ್ನ, ತೀರ್ಮಾನವಾಗಿಬಿಟ್ಟಿರುತ್ತದೆ.

ದೂರದಿಂದ ಕೆಲಸ ಮಾಡಲು ದಾರಿಗಳಿವೆ, ನಿಜ. ದೊಡ್ಡ ಸರ್ವರ್‌ಗಳೊಳಗೆ ಪ್ರತ್ಯೇಕವಾದ ಪುಟ್ಟ ಕಂಪ್ಯೂಟರೊಂದು ಇರುತ್ತದೆ; ಎಚ್‌ಪಿಯಲ್ಲಿ ಅದು ಐಲೋ, ಡೆಲ್‌ನಲ್ಲಿ ಐಡ್ರ್ಯಾಕ್. ಸರ್ವರ್ ಸತ್ತಂತೆ ಬಿದ್ದಿದ್ದರೂ ಇದರ ಮೂಲಕ ಪರದೆ ನೋಡಬಹುದು, ಪವರ್ ಆಫ್ ಮಾಡಿ ಆನ್ ಮಾಡಬಹುದು. ಆದರೆ ಆ ದಾರಿಯೂ ಬಿದ್ದ ನೆಟ್‌ವರ್ಕಿನ ಮೇಲೆಯೇ ಹಾದುಹೋಗಿದ್ದರೆ ಅದರಿಂದ ಪ್ರಯೋಜನವಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ನಿಂತಿದ್ದು ನೆನಪಿರಬಹುದು. ನಿರ್ವಹಣೆಗೆಂದು ಕೊಟ್ಟ ಒಂದು ಆಜ್ಞೆ ಕಂಪನಿಯ ಡೇಟಾ ಸೆಂಟರ್‌ಗಳ ನಡುವಿನ ಬೆನ್ನೆಲುಬು ಜಾಲವನ್ನೇ ಕತ್ತರಿಸಿತು. ಸರಿಪಡಿಸುವ ಉಪಕರಣಗಳೂ ಅದೇ ಜಾಲದಲ್ಲಿದ್ದವು. ಕೊನೆಗೆ ಎಂಜಿನಿಯರ್‌ಗಳನ್ನು ಡೇಟಾ ಸೆಂಟರಿಗೇ ಕಳಿಸಬೇಕಾಯಿತು. ಅಲ್ಲಿನ ಭದ್ರತೆಯನ್ನು ದಾಟಿ ಒಳಹೋಗುವುದಕ್ಕೂ ಸಮಯ ಹಿಡಿಯಿತು.

“ಬ್ಯಾಕಪ್ ಇದೆಯಲ್ಲ, ಭಯವೇಕೆ”

ಅತಿ ಅಪಾಯಕಾರಿ ನಂಬಿಕೆ ಇದು. ಆಡಳಿತ ಮಂಡಳಿಗಳೂ ನಂಬುತ್ತವೆ, ಎಷ್ಟೋ ಸಲ ಅಡ್ಮಿನ್‌ಗಳೂ ನಂಬುತ್ತಾರೆ.

2017ರ ಜೂನ್ 27ರಂದು ನಾಟ್‌ಪೆಟ್ಯ ಎಂಬ ಮಾಲ್‌ವೇರ್ ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಅಪ್‌ಡೇಟ್ ಮೂಲಕ ಹೊರಬಿತ್ತು. ಡೆನ್ಮಾರ್ಕಿನ ಹಡಗು ಸಂಸ್ಥೆ ಮೇರ್ಸ್ಕ್ ಅದಕ್ಕೆ ಸಿಕ್ಕಿಬಿದ್ದಿತು. ಆ ಸಂಸ್ಥೆಗೆ ಜಗತ್ತಿನಾದ್ಯಂತ ಸುಮಾರು 150 ಡೊಮೇನ್ ಕಂಟ್ರೋಲರ್‌ಗಳಿದ್ದವು. ನೌಕರರು ಯಾರು, ಯಾರಿಗೆ ಯಾವ ಯಂತ್ರದ ಮೇಲೆ ಎಷ್ಟು ಅಧಿಕಾರ ಎಂಬುದನ್ನು ಹಿಡಿದಿಡುವ ಸರ್ವರ್‌ಗಳು ಇವು. ಇವಿಲ್ಲದೆ ಉಳಿದದ್ದನ್ನು ಮತ್ತೆ ಕಟ್ಟಲು ಬುನಾದಿಯೇ ಇರುವುದಿಲ್ಲ. ಒಂದು ಹೋದರೆ ಇನ್ನೊಂದರಲ್ಲಿ ಇರಲೆಂದು ಎಲ್ಲವೂ ಪರಸ್ಪರ ನಕಲಾಗುತ್ತಿದ್ದವು. ಎಲ್ಲವೂ ಒಟ್ಟಿಗೇ ಅಳಿಸಿಹೋದರೆ ಏನು ಎಂದು ಯಾರೂ ಯೋಚಿಸಿರಲಿಲ್ಲ. ಹಾಗೆಯೇ ಆಯಿತು.

ಒಂದು ಮಾತ್ರ ಉಳಿಯಿತು, ಘಾನಾ ದೇಶದ ಕಚೇರಿಯಲ್ಲಿ. ದಾಳಿಗೆ ಮುಂಚೆ ಅಲ್ಲಿ ಕರೆಂಟ್ ಹೋಗಿ ಆ ಸರ್ವರ್ ನೆಟ್‌ವರ್ಕಿನಿಂದ ಕಳಚಿಕೊಂಡಿತ್ತು. ದುರಸ್ತಿಯ ಕೇಂದ್ರ ಇದ್ದದ್ದು ಇಂಗ್ಲೆಂಡಿನ ಮೇಡನ್‌ಹೆಡ್‌ನಲ್ಲಿ. ನೂರಾರು ಗಿಗಾಬೈಟ್ ಡೇಟಾವನ್ನು ಘಾನಾದ ನಿಧಾನ ಸಂಪರ್ಕದಲ್ಲಿ ಕಳಿಸಲು ದಿನಗಳೇ ಬೇಕಾಗುತ್ತಿದ್ದವು. ವಿಮಾನದಲ್ಲಿ ಒಯ್ಯೋಣವೆಂದರೆ ಘಾನಾ ಸಿಬ್ಬಂದಿಯಲ್ಲಿ ಯಾರ ಬಳಿಯೂ ಬ್ರಿಟಿಷ್ ವೀಸಾ ಇರಲಿಲ್ಲ. ಒಬ್ಬರು ಹಾರ್ಡ್ ಡಿಸ್ಕ್ ಹಿಡಿದು ನೈಜೀರಿಯಾಕ್ಕೆ ಹಾರಿದರು. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗಿತ್ತರು. ಅವರು ಅದನ್ನು ಲಂಡನ್ನಿಗೆ ಒಯ್ದರು. ಮುಂದಿನ ಹತ್ತು ದಿನಗಳಲ್ಲಿ ಸಂಸ್ಥೆ 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಕಟ್ಟಿಕೊಂಡಿತೆಂದು ಅದರ ಅಧ್ಯಕ್ಷರೇ ದಾವೋಸ್‌ನಲ್ಲಿ ಹೇಳಿದರು. ಐಟಿಯವರ ವಿದೇಶ ಪ್ರಯಾಣ ಎಂದಾಗ ನನಗೆ ಮೊದಲು ನೆನಪಾಗುವುದು ಆ ಇಬ್ಬರು.

ಹೀಗೆ ಪರಸ್ಪರ ನಕಲಾಗುವ ರೆಪ್ಲಿಕೇಷನ್ ಬ್ಯಾಕಪ್ ಅಲ್ಲ. ಅದು ಒಳ್ಳೆಯದನ್ನು ನಕಲಿಸುವಷ್ಟೇ ನಿಷ್ಠೆಯಿಂದ ಅಳಿಸುವಿಕೆಯನ್ನೂ ನಕಲಿಸುತ್ತದೆ. ನಿಜವಾದ ಬ್ಯಾಕಪ್ಪೂ ಸಾಲದು, ಅದರಿಂದ ಡೇಟಾ ವಾಪಸು ಬರುತ್ತದೆಯೇ ಎಂದು ಪರೀಕ್ಷಿಸಿರಬೇಕು. ಅದೇ 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ಎರಡನೆಯ ಡೇಟಾಬೇಸ್ ಸರ್ವರಿನಲ್ಲಿದ್ದೇನೆಂದುಕೊಂಡು ಮುಖ್ಯ ಸರ್ವರಿನಲ್ಲಿ ಅಳಿಸುವ ಆಜ್ಞೆ ಕೊಟ್ಟರು. ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು ನಾಲ್ಕೂವರೆ. ಬ್ಯಾಕಪ್ ತೆಗೆದು ನೋಡಿದರೆ ಅದು ಖಾಲಿ. ಡೇಟಾಬೇಸಿನ ಆವೃತ್ತಿಗೂ ಬ್ಯಾಕಪ್ ಉಪಕರಣದ ಆವೃತ್ತಿಗೂ ಹೊಂದಿಕೆಯಿಲ್ಲದೆ ಅದು ವಿಫಲವಾಗುತ್ತಲೇ ಬಂದಿತ್ತು. ವಿಫಲವಾಯಿತೆಂದು ಹೇಳುವ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಬೇರೊಂದು ಪರೀಕ್ಷೆಗೆಂದು ಆರು ಗಂಟೆ ಮುಂಚೆ ಕೈಯಾರೆ ತೆಗೆದಿಟ್ಟಿದ್ದ ಪ್ರತಿಯೊಂದು ಅವರನ್ನು ಉಳಿಸಿತು. ಆ ಕಂಪನಿ ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಜಗತ್ತಿಗೆ ಹೇಳಿತು. ಅದಕ್ಕೆ ನಾನು ಋಣಿ. ಆ ವರದಿ ಓದಿದ ಎಷ್ಟೋ ಅಡ್ಮಿನ್‌ಗಳು ಮರುದಿನವೇ ತಮ್ಮ ಬ್ಯಾಕಪ್ ತೆರೆದು ನೋಡಿರಬೇಕು.

“ತಿಳಿದವನಾದರೆ ನೋಡಿದ ಕೂಡಲೇ ಹೇಳಬೇಕು”

ನೋಡಿದ ಕೂಡಲೇ ಹೇಳುವವರನ್ನು ನಾನು ಅನುಮಾನದಿಂದ ನೋಡುತ್ತೇನೆ. ದೋಷ ಹುಡುಕುವುದೆಂದರೆ ಯಾವುದು ಕಾರಣವಲ್ಲ ಎಂದು ಒಂದೊಂದನ್ನೇ ಖಚಿತಪಡಿಸಿಕೊಳ್ಳುತ್ತಾ ಬರುವುದು. ಎಲ್ಲರಿಗೂ ಹೀಗೆಯೇ, ಅಥವಾ ಒಬ್ಬರಿಗೆ ಮಾತ್ರವೇ? ಯಾವಾಗಿನಿಂದ? ಅದಕ್ಕೆ ಮುಂಚೆ ಏನು ಬದಲಾಯಿತು? ಕೊನೆಯ ಪ್ರಶ್ನೆಗೆ “ಏನೂ ಬದಲಾಗಿಲ್ಲ” ಎಂಬ ಉತ್ತರ ಬರುತ್ತದೆ. ಅದು ನಿಜವಾಗಿರುವುದು ಅಪರೂಪ. ಮನುಷ್ಯರು ಏನನ್ನೂ ಮುಟ್ಟದಿದ್ದರೂ ಕಾಲ ಮುಂದೆ ಹೋಗಿರುತ್ತದೆ. ವಿಂಡೋಸ್ ಡೊಮೇನಿನಲ್ಲಿ ಯಂತ್ರದ ಗಡಿಯಾರ ಐದು ನಿಮಿಷಕ್ಕಿಂತ ಹೆಚ್ಚು ತಪ್ಪಿದರೆ ಸಾಮಾನ್ಯವಾಗಿ ಲಾಗಿನ್ ನಿರಾಕರಣೆಯಾಗುತ್ತದೆ. ಬಳಕೆದಾರ ಪಾಸ್‌ವರ್ಡ್ ಕೆಟ್ಟಿದೆ ಎಂದು ದೂರುತ್ತಾನೆ. 2018ರ ಡಿಸೆಂಬರ್ 6ರಂದು ಬ್ರಿಟನ್ನಿನ ಓ2 ಜಾಲದಲ್ಲಿ ಕೋಟ್ಯಂತರ ಜನರ ಮೊಬೈಲ್ ಡೇಟಾ ನಿಂತಿತು. ಎರಿಕ್ಸನ್ ಉಪಕರಣಗಳ ತಂತ್ರಾಂಶದಲ್ಲಿದ್ದ ಒಂದು ಡಿಜಿಟಲ್ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು, ಅಷ್ಟೇ. ವೆಬ್‌ಸೈಟ್‌ಗಳು ಬಳಸುವ ಇಂಥ ಸರ್ಟಿಫಿಕೇಟುಗಳ ಗರಿಷ್ಠ ಅವಧಿ 2029ರ ಮಾರ್ಚ್‌ನಿಂದ 47 ದಿನಕ್ಕೆ ಇಳಿಯಲಿದೆ. ಕ್ಯಾಲೆಂಡರ್ ನೋಡಿ ಕೈಯಲ್ಲಿ ನವೀಕರಿಸುವ ಕಾಲ ಮುಗಿಯಿತೆಂದೇ ಅರ್ಥ.

“ನೆಟ್ ಸ್ಲೋ” ಎಂಬ ದೂರನ್ನೂ ಇಲ್ಲೇ ಹೇಳಬೇಕು. ಅಮೆರಿಕದ ಪೂರ್ವ ಕರಾವಳಿಯ ಸರ್ವರ್ ಬೆಂಗಳೂರಿನಿಂದ 13,000 ಕಿಲೋಮೀಟರಿಗೂ ದೂರ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ನೇರ ಕೇಬಲ್ ಇದ್ದರೂ ಹೋಗಿಬರಲು 130 ಮಿಲಿಸೆಕೆಂಡ್ ಬೇಕೇ ಬೇಕು. ನಿಜದ ದಾರಿ ಸುತ್ತಾಗಿರುವುದರಿಂದ 200 ದಾಟುತ್ತದೆ. ಒಂದು ಪುಟ ತೆರೆಯಲು ನೂರು ಸಲ ಹೋಗಿಬರುವ ಅಪ್ಲಿಕೇಷನ್ ಇಲ್ಲಿ ಇಪ್ಪತ್ತು ಸೆಕೆಂಡ್ ಕಾಯಿಸುತ್ತದೆ, ಅಲ್ಲಿ ಕಣ್ಣು ಮಿಟುಕಿಸುವುದರೊಳಗೆ ತೆರೆಯುತ್ತದೆ. ಇದಕ್ಕೆ ಬ್ಯಾಂಡ್‌ವಿಡ್ತ್ ಹೆಚ್ಚಿಸಿ ಎಂದು ಹಣ ಸುರಿಯುವವರಿದ್ದಾರೆ. ರಸ್ತೆ ಅಗಲ ಮಾಡಿದರೆ ಬೆಂಗಳೂರಿಗೆ ಬೀದರ್ ಹತ್ತಿರವಾಗುವುದಿಲ್ಲ.

“ಆಫ್ ಮಾಡಿ ಆನ್ ಮಾಡುವುದೇ ಇವರ ವಿದ್ಯೆ”

ರೀಸ್ಟಾರ್ಟ್ ಕೆಲಸ ಮಾಡುವುದಕ್ಕೆ ಕಾರಣವಿದೆ. ಬಹಳ ದಿನ ಓಡಿದ ಪ್ರೋಗ್ರಾಂ ಹಿಂತಿರುಗಿಸದ ಮೆಮೊರಿ, ತುಂಬಿ ಉಕ್ಕಿದ ಎಣಿಕೆಗಳು ಅದರಿಂದ ಶುದ್ಧವಾಗುತ್ತವೆ. ವಿಂಡೋಸ್ 95 ಮತ್ತು 98 ಯಂತ್ರಗಳು 49.7 ದಿನ ಬಿಡದೆ ಓಡಿದರೆ ಸ್ತಬ್ಧವಾಗುತ್ತಿದ್ದವು. 32 ಬಿಟ್‌ನಲ್ಲಿ ಮಿಲಿಸೆಕೆಂಡುಗಳ ಎಣಿಕೆ ಅಷ್ಟು ದಿನಕ್ಕೆ ಮುಗಿಯುತ್ತದೆ. 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಬೋಯಿಂಗ್ 787ರ ವಿದ್ಯುತ್ ವ್ಯವಸ್ಥೆಯನ್ನು ಆಗಾಗ ಆಫ್ ಮಾಡಿ ಆನ್ ಮಾಡಬೇಕೆಂದು ಆದೇಶಿಸಿತು. 248 ದಿನ ನಿರಂತರ ಚಾಲೂ ಇದ್ದರೆ ಜನರೇಟರ್ ನಿಯಂತ್ರಕಗಳು ನಿಲ್ಲುವ ಅಪಾಯವಿತ್ತು.

ಆದರೆ ಸರ್ವರಿನಲ್ಲಿ ಅದು ಮೊದಲ ಹೆಜ್ಜೆಯಲ್ಲ. ರೀಸ್ಟಾರ್ಟ್ ಮಾಡಿದ ಕ್ಷಣ ಮೆಮೊರಿಯಲ್ಲಿದ್ದ ಸಾಕ್ಷ್ಯವೆಲ್ಲ ಹೋಗುತ್ತದೆ, ಅದೇ ತೊಂದರೆ ಮುಂದಿನ ತಿಂಗಳು ಮತ್ತೆ ಬರುತ್ತದೆ. ಮನೆಯ ಕಂಪ್ಯೂಟರ್ ಬಳಸುವವರಿಗೂ ಒಂದು ಮಾತು: ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ಕರ್ನಲ್ ಪೂರ್ತಿ ಮುಚ್ಚುವುದಿಲ್ಲ, ಅದರ ಸ್ಥಿತಿ ಡಿಸ್ಕಿನಲ್ಲಿ ಉಳಿಯುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಒತ್ತಿದಾಗಲೇ.

“ನಮ್ಮ ಪಾಸ್‌ವರ್ಡ್ ಅವರಿಗೆ ಕಾಣುತ್ತದೆ”

ಕಾಣುವುದಿಲ್ಲ. ಸರಿಯಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಪಾಸ್‌ವರ್ಡ್ ಬದಲು ಅದರಿಂದ ಲೆಕ್ಕಹಾಕಿದ ಹ್ಯಾಶ್ ಮಾತ್ರ ಇರುತ್ತದೆ. ಹಾಗಾಗಿ ಅಡ್ಮಿನ್ ಅದನ್ನು ಬದಲಿಸಬಲ್ಲ, ಓದಲಾರ. ಪಾಸ್‌ವರ್ಡ್ ಕೇಳಿ ಫೋನ್ ಮಾಡುವವನು ಅಡ್ಮಿನ್ ಅಲ್ಲ ಎಂದೇ ತಿಳಿಯಿರಿ. ಇನ್ನು ತೊಂಬತ್ತು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸುವ ಕಡ್ಡಾಯ ನಿಯಮ ಭದ್ರತೆಯನ್ನು ಹೆಚ್ಚಿಸುವುದಿಲ್ಲವೆಂದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಅದನ್ನು ಕೈಬಿಡಲು ಹೇಳಿತು; 2019ರಲ್ಲಿ ಮೈಕ್ರೋಸಾಫ್ಟ್ ಕೂಡ ತನ್ನ ಶಿಫಾರಸಿನಿಂದ ತೆಗೆಯಿತು. ಜನ ಕೊನೆಯ ಅಂಕಿಯನ್ನಷ್ಟೇ ಒಂದು ಹೆಚ್ಚಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಸತ್ಯ.

“ಆಗಾಗ ಫಾರಿನ್, ಎಂಥ ಅದೃಷ್ಟ”

ಮದುವೆ ಮಾತುಕತೆಯಲ್ಲಿ ಈ ಮಾತು ಇವತ್ತಿಗೂ ತೂಕ ಪಡೆಯುತ್ತದೆ. ಪ್ರಯಾಣ ಇರುವುದು ನಿಜ. ಆದರೆ ಸಿಸ್ಟಮ್ ಬಿದ್ದ ಕೂಡಲೇ ಬೆಂಗಳೂರಿನಿಂದ ಯಾರೂ ಹಾರುವುದಿಲ್ಲ. ವೀಸಾ ಗಂಟೆಗಳಲ್ಲಿ ಸಿಗುವುದಿಲ್ಲ, ಅಷ್ಟರೊಳಗೆ ಸ್ಥಳೀಯರೇ ಸರಿಪಡಿಸಿರುತ್ತಾರೆ. ಹೋಗುವುದು ಮೊದಲೇ ಗೊತ್ತುಮಾಡಿದ ಕೆಲಸಕ್ಕೆ: ಡೇಟಾ ಸೆಂಟರ್ ಸ್ಥಳಾಂತರ, ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಬದಲಾವಣೆ, ವಿಪತ್ತು ಚೇತರಿಕೆಯ ತಾಲೀಮು. ಊರು ನೋಡುವುದು ಅಪರೂಪ. ಕಾಣುವುದು ಕಿಟಕಿಯಿಲ್ಲದ ಕೋಣೆ, ಮಾತು ಕೇಳಿಸದಷ್ಟು ಫ್ಯಾನ್‌ಗಳ ಸದ್ದು, ಒಂದು ಸಾಲಿನಲ್ಲಿ ಚಳಿ, ಅದರ ಹಿಂದಿನ ಸಾಲಿನಲ್ಲಿ ಬಿಸಿಗಾಳಿ.

ಇನ್ನೊಂದು ನಂಬಿಕೆ ಹೆಚ್ಚು ಅಪಾಯದ್ದು: ಯಾವುದೋ ಒಂದು ವೀಸಾ ಇದ್ದರೆ ಸಾಕು ಎಂಬುದು. ಅಮೆರಿಕದ ಬಿ-1 ವೀಸಾದಲ್ಲಿ ಸಭೆ, ಸಮಾಲೋಚನೆ, ಒಪ್ಪಂದದ ಮಾತುಕತೆಗೆ ಅವಕಾಶವಿದೆ. ಹೊರದೇಶದ ಕಂಪನಿ ಮಾರಿದ ಯಂತ್ರವನ್ನು, ಮಾರಾಟದ ಕರಾರಿನಲ್ಲೇ ಹಾಗೆಂದು ಬರೆದಿದ್ದರೆ, ಅಳವಡಿಸಲು ಅಥವಾ ದುರಸ್ತಿ ಮಾಡಲು ಅವಕಾಶವಿದೆ. ಗ್ರಾಹಕನ ಕಚೇರಿಯಲ್ಲಿ ಕೂತು ಅಲ್ಲಿನ ನೌಕರನಂತೆ ದಿನನಿತ್ಯದ ಕೆಲಸ ಮಾಡುವುದಕ್ಕೆ ಇಲ್ಲ. 2013ರಲ್ಲಿ ಇನ್ಫೋಸಿಸ್ ಬಿ-1 ದುರ್ಬಳಕೆಯ ಆರೋಪವನ್ನು ನಿರಾಕರಿಸುತ್ತಲೇ ಅಮೆರಿಕ ಸರ್ಕಾರಕ್ಕೆ 3.4 ಕೋಟಿ ಡಾಲರ್ ಕೊಟ್ಟು ಪ್ರಕರಣ ಇತ್ಯರ್ಥ ಮಾಡಿಕೊಂಡಿತು. ಕಂಪನಿ ಹಣ ಕಟ್ಟಿ ಮುಂದೆ ಹೋಗಬಹುದು, ಗಡಿಯಲ್ಲಿ ಪ್ರಶ್ನೆಗೆ ಉತ್ತರಿಸಬೇಕಾದವನು ಹೋದ ಹುಡುಗ. ಟಿಕೆಟ್ ಕೈಗೆ ಬಂದಾಗ “ಅಲ್ಲಿ ನಾನು ನಿಖರವಾಗಿ ಏನು ಮಾಡಬೇಕು, ಈ ವೀಸಾ ಅದಕ್ಕೆ ಒಪ್ಪುತ್ತದೆಯೇ” ಎಂದು ಲಿಖಿತವಾಗಿ ಕೇಳುವುದು ಅವನ ಹಕ್ಕು. ಕಿರಿಯರು ಕೇಳಲು ಹೆದರುತ್ತಾರೆ, ಹೆದರಬಾರದು.

ಹೋಗದೆ ಇಲ್ಲಿಂದಲೇ ಮಾಡುವವರ ದಿನಚರಿಯೂ ಆ ದೇಶದ ಗಡಿಯಾರಕ್ಕೇ ಕಟ್ಟುಬಿದ್ದದ್ದು. ಬದಲಾವಣೆಗೆ ಗ್ರಾಹಕ ಕೊಡುವ ಸಮಯ ಸಾಮಾನ್ಯವಾಗಿ ಶನಿವಾರ ರಾತ್ರಿ. ನ್ಯೂಯಾರ್ಕಿನ ರಾತ್ರಿ ಹತ್ತು ಎಂದರೆ ಇಲ್ಲಿ ಭಾನುವಾರ ಬೆಳಿಗ್ಗೆ ಏಳೂವರೆ. ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರ ಹಿಂದಿಟ್ಟ ಮೇಲೆ ಎಂಟೂವರೆ. ಇಷ್ಟು ಗಂಟೆಯೊಳಗೆ ಮುಗಿಯದಿದ್ದರೆ ಹಳೆಯ ಸ್ಥಿತಿಗೆ ಮರಳಬೇಕು ಎಂಬ ಗಡುವನ್ನು ಮೊದಲೇ ಬರೆದಿಟ್ಟಿರಬೇಕು, ಯಾಕೆಂದರೆ ಆಯಾಸದ ಹೊತ್ತಿನಲ್ಲಿ ಇನ್ನೊಂದು ಸಲ ಪ್ರಯತ್ನಿಸೋಣ ಎಂದೇ ಮನಸ್ಸು ಹೇಳುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ಅಲ್ಲಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕಚೇರಿ ತೆರೆದಾಗ ನಮ್ಮಲ್ಲಿ ಸಂಜೆ ಆರೂವರೆ. ಬದಲಾವಣೆ ಗೆದ್ದಿತೋ ಇಲ್ಲವೋ ಎಂದು ತಿಳಿಯುವುದು ಆಗ, ಸಾವಿರಾರು ಜನ ಒಟ್ಟಿಗೆ ಲಾಗಿನ್ ಆದಾಗ. ಆ ವಾರಪೂರ್ತಿ ಅಡ್ಮಿನ್ ಫೋನ್ ಎತ್ತಲೇಬೇಕು. ಕೆಲಸದ ಯೋಜನೆಯಲ್ಲಿ ಈ ವಾರವನ್ನೂ ಸೇರಿಸಿ ಬರೆಯುವ ಮ್ಯಾನೇಜರ್‌ಗಳು ಇನ್ನೂ ಕಡಿಮೆ.