ಹೊಗೆ ಕಂಡರೆ ಮೊದಲು ಹಗ್ಗ ಬಿಚ್ಚಿ

ಅಕ್ಕಂದಿರೇ, ಫೆಬ್ರವರಿ ಬಂತೆಂದರೆ ಕಾಡಂಚಿನ ಊರುಗಳಲ್ಲಿ ಹಾಲು ಕರೆಯುವಾಗಲೂ ಕಣ್ಣು ಗುಡ್ಡದ ಕಡೆಗೇ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಸಾವಿರಾರು ಎಕರೆ ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರ್‌ಗಳೇ ಬಂದು ನೀರು ಸುರಿಯಬೇಕಾಯಿತು. ಒಣಗಿದ ಲಂಟಾನ ಪೊದೆಗೆ ಒಂದು ಬೀಡಿ ತುಂಡು ಸಾಕು. ಬೆಂಕಿ ಹಾಕಿದರೆ ಹೊಸ ಹುಲ್ಲು ಚಿಗುರುತ್ತೆ ಅನ್ನುವವರು ಈಗಲೂ ಇದ್ದಾರೆ. ಚಿಗುರುವುದು ಮಳೆ ಬಿದ್ದ ಮೇಲೆ. ಅಲ್ಲಿಯವರೆಗೆ ದನ ಏನು ತಿನ್ನಬೇಕು?

ನಿಮ್ಮ ರಾಗಿ ಹುಲ್ಲಿನ ಮೆದೆ ಎಲ್ಲಿದೆ ನೋಡಿ. ಕೈಗೆ ಹತ್ತಿರವೆಂದು ಕೊಟ್ಟಿಗೆ ಪಕ್ಕದಲ್ಲೇ ಒಟ್ಟಿದ್ದರೆ, ಒಂದು ಕಿಡಿಗೆ ಎರಡೂ ಹೋಗುತ್ತವೆ. ದೂರ ಒಟ್ಟಿ, ಸುತ್ತಲಿನ ಒಣಹುಲ್ಲು ಕೆರೆದು ತೆಗೆಯಿರಿ. ದಿನಾ ಹುಲ್ಲು ಹೊರುವವರು ನಾವೇ, ಗೊತ್ತು; ಆದರೂ ದೂರವೇ ಇರಲಿ.

ಹಸುವನ್ನು ಎಳೆದರೆ ಬಿಚ್ಚುವ ಜಾರುಗಂಟಿನಲ್ಲಿ ಕಟ್ಟಿ. ಬೆಂಕಿ ಹತ್ತಿರ ಬಂದರೆ ಪಾತ್ರೆ, ಕ್ಯಾನು ಬಿಟ್ಟು ಹಗ್ಗ ಬಿಚ್ಚಿ, ಉತ್ತ ಹೊಲದ ಕಡೆ ಹೊಡೆಯಿರಿ. ಬಾಗಿಲು ಮುಚ್ಚಿ, ಗಾಬರಿಯಲ್ಲಿ ಹಸು ಮತ್ತೆ ಒಳಗೇ ನುಗ್ಗಬಹುದು. ಕೊಟ್ಟಿಗೆಗೇ ಹೊಗೆ ತುಂಬಿದ್ದರೆ ಮಾತ್ರ ನೀವು ಒಳಗೆ ಹೋಗಬೇಡಿ.

ಹೊಗೆ ಕುಡಿದ ಹಸು ಕೆಲವು ದಿನ ಹಾಲು ಕಡಿಮೆ ಕೊಡಬಹುದು. ನೀರು ಧಾರಾಳ ಇಡಿ, ದೂರ ಮೇಯಿಸಲು ಒಯ್ಯಬೇಡಿ. ಕೆಚ್ಚಲು ಸುಟ್ಟಿದ್ದರೆ ತಣ್ಣೀರು ಹಾಕಿ ವೈದ್ಯರನ್ನು ಕರೆಯಿರಿ. ಬೆಂಕಿಗೆ 112, ಪಶುವೈದ್ಯರಿಗೆ 1962. ಎರಡೂ ನಂಬರನ್ನು ಕೊಟ್ಟಿಗೆ ಬಾಗಿಲ ಮೇಲೆ ಇವತ್ತೇ ಸುಣ್ಣದಲ್ಲಿ ಬರೆದಿಡಿ.