ಎಡಗಾಲಿನ ಕೆಲಸಕ್ಕೊಂದು ಯಂತ್ರ

ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ ಬೇಕಿತ್ತು. ಅಂದರೆ ಗಂಟೆಗೆ ಸುಮಾರು 20 ಕಿ.ಮೀ. ವೇಗ. ಹೀಗಿರುವಾಗ ದಿನಾ ಆಫೀಸಿಗೆ ಹೋಗಿಬರಲು ಕಾರು ಹುಡುಕುವವರು ಪಿಕಪ್ ಎಷ್ಟು, ಟಾಪ್ ಸ್ಪೀಡ್ ಎಷ್ಟು ಎಂದು ಕೇಳಿ ಏನೂ ಪ್ರಯೋಜನವಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಂಪರಿಗೆ ಬಂಪರ್ ತಾಗುವಂತೆ ತೆವಳುವಾಗ ಕಾರಿನ ಕ್ಲಚ್ಚನ್ನು ಯಾರು ಒತ್ತುತ್ತಾರೆ ಎಂಬುದೇ ಮುಖ್ಯ ಪ್ರಶ್ನೆ.

ಪೆಟ್ರೋಲ್ ಎಂಜಿನ್ನಿಗೆ ತೀರ ನಿಧಾನವಾಗಿ ತಿರುಗಲು ಬರುವುದಿಲ್ಲ. ನಿಂತಲ್ಲೇ ಗುರುಗುಟ್ಟುವಾಗಲೂ ಅದು ನಿಮಿಷಕ್ಕೆ 800ರ ಆಸುಪಾಸು ಸುತ್ತು ತಿರುಗುತ್ತಿರಬೇಕು; ತೀರ ಇಳಿದರೆ ಬಂದ್. ಚಿಕ್ಕ ಕಾರೊಂದರ ಮೊದಲ ಗೇರಿನಲ್ಲಿ ಈ 800 ಸುತ್ತೆಂದರೆ ಗಂಟೆಗೆ 5-6 ಕಿ.ಮೀ. ವೇಗ. ಮುಂದಿನ ಆಟೋ ಅದಕ್ಕಿಂತ ನಿಧಾನವಾಗಿ ಹೋಗುತ್ತಿದ್ದರೆ? ಆಗ ಎಂಜಿನ್ನಿಗೂ ಚಕ್ರಕ್ಕೂ ಇರುವ ಬಿಗಿಯನ್ನು ಸಡಿಲಿಸಬೇಕು. ಕ್ಲಚ್ ಪ್ಲೇಟು ಅರ್ಧ ಹಿಡಿದು, ಅರ್ಧ ಜಾರುತ್ತ ಶಕ್ತಿ ದಾಟಿಸಬೇಕು. ಇದೇ ಹಾಫ್ ಕ್ಲಚ್. ಜಾರಿದಷ್ಟೂ ಶಾಖ, ಶಾಖವಾದಷ್ಟೂ ಪ್ಲೇಟಿನ ಸವೆತ. ಜೊತೆಗೆ ಎಡ ಮೊಣಕಾಲಿನ ನೋವು ಬೇರೆ.

2014ರಲ್ಲಿ ದೆಹಲಿ ಬಳಿಯ ಗ್ರೇಟರ್ ನೋಯ್ಡಾದ ಆಟೋ ಎಕ್ಸ್‌ಪೋದಲ್ಲಿ ಮಾರುತಿ ಸುಜುಕಿ ಬಿಡುಗಡೆ ಮಾಡಿದ ಸೆಲೆರಿಯೋ ಈ ಸಮಸ್ಯೆಗೆ ಅಗ್ಗದ ಉತ್ತರವೊಂದನ್ನು ತಂದಿತು. ಅದರಲ್ಲಿದ್ದದ್ದು ಹೊಸ ಬಗೆಯ ಗೇರ್‌ಬಾಕ್ಸ್ ಅಲ್ಲ, ಹಳೆಯ ಐದು ಗೇರಿನದ್ದೇ. ಅದರ ಮೇಲೆ ಇಟಲಿಯ ಮ್ಯಾಗ್ನೆಟಿ ಮರೆಲ್ಲಿ ಕಂಪನಿಯ ಒಂದು ಜೋಡಣೆ ಕೂರಿಸಲಾಗಿತ್ತು. ಪುಟ್ಟ ಪಂಪು ಆಯಿಲನ್ನು ಒತ್ತಡದಲ್ಲಿಡುತ್ತದೆ, ಕಂಪ್ಯೂಟರು ಹೇಳಿದಾಗ ಆ ಒತ್ತಡ ಕ್ಲಚ್ ಬಿಡಿಸುತ್ತದೆ, ಗೇರ್ ಬದಲಿಸುತ್ತದೆ. ಎಎಂಟಿ ಎಂದು ಕರೆಯುವುದು ಇದನ್ನೇ. ಆಗ ಇದರ ಹೆಚ್ಚುವರಿ ಬೆಲೆ ಸುಮಾರು 40 ಸಾವಿರ ರೂಪಾಯಿ ಇತ್ತು. ಕಂಪನಿ ಹೇಳಿದ ಮೈಲೇಜು ಮಾತ್ರ ಮ್ಯಾನ್ಯುವಲ್‌ಗೂ ಎಎಂಟಿಗೂ ಒಂದೇ, ಲೀಟರಿಗೆ 23.1 ಕಿ.ಮೀ. ಆಟೋಮ್ಯಾಟಿಕ್ ಎಂದರೆ ಪೆಟ್ರೋಲ್ ಕುಡುಕ ಎಂದು ನಂಬಿದ್ದವರಿಗೆ ಇದು ದೊಡ್ಡ ಸುದ್ದಿಯೇ.

ದುಬಾರಿ ಆಟೋಮ್ಯಾಟಿಕ್ ಕಾರುಗಳಲ್ಲಿ ಕ್ಲಚ್ಚಿನ ಬದಲು ಇರುವ ಟಾರ್ಕ್ ಕನ್ವರ್ಟರಿನ ಸಂಗತಿ ಬೇರೆ. ಎದುರುಬದುರು ಇಟ್ಟ ಎರಡು ಫ್ಯಾನುಗಳಲ್ಲಿ ಒಂದರ ಗಾಳಿಗೆ ಇನ್ನೊಂದು ತಿರುಗುವ ಹಾಗೆ, ಅಲ್ಲಿ ಶಕ್ತಿ ಆಯಿಲಿನ ಮೂಲಕ ದಾಟುತ್ತದೆ. ಉಜ್ಜಿ ಸವೆಯುವ ಪ್ಲೇಟು ನಡುವೆ ಇಲ್ಲದ್ದರಿಂದ ತೆವಳಾಟವೆಲ್ಲ ಮೃದು. ಆದರೆ ಆಯಿಲು ಕಾಯುವುದರಲ್ಲೇ ಒಂದಷ್ಟು ಇಂಧನ ಹೋಗುತ್ತದೆ. ಇನ್ನೊಂದು ಬಗೆಯ ಆಟೋಮ್ಯಾಟಿಕ್ ಆದ ಸಿವಿಟಿಯೂ ನಯವಾಗಿಯೇ ಓಡುತ್ತದೆ, ಆದರೆ ಬೆಲೆ ಹೆಚ್ಚು.

ಅಗ್ಗದ್ದಕ್ಕೆ ಅದರದೇ ತೊಡಕು. ಎಎಂಟಿಯಲ್ಲಿ ಗೇರ್ ಬದಲಾಗುವ ಹೊತ್ತಿಗೆ ಕ್ಲಚ್ ಬಿಟ್ಟಿರುತ್ತದೆ, ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ಕಾರು ಒಂದು ಕ್ಷಣ ತಡವರಿಸಿ ಮತ್ತೆ ಮುಂದೊತ್ತುತ್ತದೆ, ಕೂತವರ ತಲೆ ತೂಗುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಆಕ್ಸಿಲರೇಟರಿನಿಂದ ಕಾಲನ್ನು ತುಸು ಸಡಿಲಿಸಿದರೆ ತೂಗಾಟ ಬಹುಪಾಲು ನಿಲ್ಲುತ್ತದೆ. ವಾರದೊಳಗೆ ಇದು ಅಭ್ಯಾಸವಾಗುತ್ತದೆ.

ಏರಿನಲ್ಲಿ ಮಾಡುವ ತಪ್ಪು ಮಾತ್ರ ದುಬಾರಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪಿನಲ್ಲೋ ಫ್ಲೈಓವರ್ ಮೇಲೋ ನಿಂತಾಗ ಅನೇಕರು ಬ್ರೇಕ್ ತುಳಿಯದೆ ಆಕ್ಸಿಲರೇಟರನ್ನೇ ಮೆಲ್ಲಗೆ ಒತ್ತಿ ಕಾರನ್ನು ತಡೆಹಿಡಿಯುತ್ತಾರೆ. ಕಾಲಿನ ಕೆಳಗೆ ಕ್ಲಚ್ ಪೆಡಲ್ ಇಲ್ಲ ಎಂದ ಮಾತ್ರಕ್ಕೆ ಒಳಗೆ ಪ್ಲೇಟ್ ಇಲ್ಲವೇ? ಅದು ಜಾರುತ್ತಲೇ ಇರುತ್ತದೆ, ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಬ್ರೇಕ್ ಬಿಟ್ಟ ಮೇಲೂ ಒಂದೆರಡು ಸೆಕೆಂಡು ಕಾರನ್ನು ಹಿಡಿದಿಡುವ ಹಿಲ್ ಹೋಲ್ಡ್ ಇರುವ ಮಾಡೆಲ್ಲಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಸೆಕೆಂಡ್ ಹ್ಯಾಂಡ್ ಎಎಂಟಿ ಕೊಳ್ಳುವವರು ಟೆಸ್ಟ್ ಡ್ರೈವ್‌ಗೆ ಒಂದು ಏರುರಸ್ತೆಯನ್ನೇ ಹುಡುಕಬೇಕು. ಎಂಜಿನ್ ಸದ್ದು ಏರುತ್ತಿದ್ದು ಕಾರಿನ ವೇಗ ಏರದಿದ್ದರೆ ಪ್ಲೇಟಿನ ಕಥೆ ಮುಗಿದಿದೆ ಎಂದೇ ಅರ್ಥ. ಹೊಸದು ಹಾಕಿಸಿದರೆ ಸಾಲದು, ಅದು ಎಲ್ಲಿ ಹಿಡಿಯುತ್ತದೆ ಎಂಬುದನ್ನು ಸ್ಕ್ಯಾನರ್ ಹಚ್ಚಿ ಕಂಪ್ಯೂಟರಿಗೆ ಮತ್ತೆ ಕಲಿಸಬೇಕು. ಬೀದಿ ಕೊನೆಯ ಗ್ಯಾರೇಜಿನಲ್ಲಿ ಆ ಸ್ಕ್ಯಾನರ್ ಇದೆಯೇ ಎಂದು ಮೊದಲೇ ವಿಚಾರಿಸಿ, ಆ ಖರ್ಚನ್ನೂ ಹಿಡಿದು ಚೌಕಾಸಿಗೆ ಇಳಿಯಬಹುದು.