ವರವಿಕ್ರಯ: ಮಗಳ ಮದುವೆಯೂ ತಂದೆಯ ಲೆಕ್ಕವೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಗೃಹಸ್ಥನು ನಮ್ಮಲ್ಲಿ ಯಾರೂ ಇರಲಾರನು. ಎರಡು ಕಾರ್ಯಗಳಲ್ಲಿಯೂ ಹಣವು ನೀರಿನಂತೆ ಹರಿದುಹೋಗುತ್ತದೆಂಬುದು ನಿಜ. ಆದರೆ ಮನೆ ಕಟ್ಟಿದವನಿಗೆ ಕಡೆಗೆ ವಾಸಕ್ಕೊಂದು ಮನೆಯಾದರೂ ಉಳಿಯುತ್ತದೆ. ವರದಕ್ಷಿಣೆ ತೆತ್ತು ಮಗಳ ಮದುವೆ ಮಾಡಿದವನಿಗೆ ಎಷ್ಟೋ ವೇಳೆ ಇದ್ದ ಮನೆಯೂ ಉಳಿಯುವುದಿಲ್ಲ. ಇಂತಹ ಒಬ್ಬ ತಂದೆಯ ಮತ್ತು ಅವನ ಇಬ್ಬರು ಹೆಣ್ಣುಮಕ್ಕಳ ಕಥೆಯನ್ನು ಹೇಳುವ ಚಿತ್ರವೊಂದು ೧೯೩೯ನೆಯ ಇಸವಿಯಲ್ಲಿ ತೆಲುಗಿನಲ್ಲಿ ಹೊರಬಂದಿತು. ಅದರ ಹೆಸರು ‘ವರವಿಕ್ರಯಂ’. ವರನ ಮಾರಾಟವೆಂದು ಅದರ ಅರ್ಥ. ಹೆಸರಿನಲ್ಲಿಯೇ ಕಥೆಯ ತಿರುಳು ಅಡಗಿದೆಯೆಂಬುದನ್ನು ವಾಚಕರು ಮುಂದೆ ಕಾಣುವರು.

ಈ ಕಥೆಯ ಹುಟ್ಟನ್ನು ತಿಳಿಯಬೇಕಾದರೆ ಕೊಂಚ ಹಿಂದಕ್ಕೆ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ಆಂಧ್ರದೇಶದಲ್ಲಿ, ವಿಶೇಷವಾಗಿ ಬ್ರಾಹ್ಮಣ ಕುಟುಂಬಗಳಲ್ಲಿ, ಮಾರಾಟವಾಗುತ್ತಿದ್ದವನು ವರನಲ್ಲ, ಕನ್ಯೆ. ಮುದುಕರು ಹಣ ಕೊಟ್ಟು ಎಳೆಯ ಹುಡುಗಿಯರನ್ನು ಕೊಳ್ಳುತ್ತಿದ್ದರು. ವಿಜಯನಗರದ ಮಹಾರಾಜರು ವಿಶಾಖಪಟ್ಟಣ ಜಿಲ್ಲೆಯಲ್ಲಿ ನಡೆದ ಇಂತಹ ಮದುವೆಗಳ ಪಟ್ಟಿಯನ್ನು ಮಾಡಿಸಿದಾಗ ಮೂರು ವರ್ಷಗಳಲ್ಲಿ ೧,೦೩೪ ಮದುವೆಗಳು ಲೆಕ್ಕಕ್ಕೆ ಸಿಕ್ಕಿದವು. ಅವುಗಳಲ್ಲಿ ೯೯ ಹುಡುಗಿಯರಿಗೆ ಐದು ವರ್ಷ ವಯಸ್ಸು. ಮೂವರಿಗೆ ಒಂದೇ ವರ್ಷ. ಗುರಜಾಡ ಅಪ್ಪಾರಾವ್ ಅವರು ೧೮೯೭ರಲ್ಲಿ ತಮ್ಮ ‘ಕನ್ಯಾಶುಲ್ಕ’ ನಾಟಕವನ್ನು ಅಚ್ಚು ಮಾಡಿಸಿದಾಗ ಅದರ ಮುನ್ನುಡಿಯಲ್ಲಿ ಈ ಅಂಕಿಗಳನ್ನು ಕೊಟ್ಟರು. ನಮ್ಮ ಕನ್ನಡನಾಡೂ ಈ ಪಾಪದಿಂದ ದೂರವಿರಲಿಲ್ಲ. ಉತ್ತರ ಕನ್ನಡದ ಕರ್ಕಿಯ ಸೂರಿ ವೆಂಕಟರಮಣಶಾಸ್ತ್ರಿಗಳು ೧೮೮೭ರಷ್ಟು ಹಿಂದೆಯೇ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವನ್ನು ಬರೆದು, ಕನ್ಯಾವಿಕ್ರಯದ ಪರಿಣಾಮವನ್ನು ಜನರಿಗೆ ನಗುನಗುತ್ತಲೇ ತೋರಿಸಿಕೊಟ್ಟಿದ್ದರು.

ಅನಂತರ ಕಾಲಚಕ್ರವು ತಿರುಗಿತು. ೧೮೫೨ರಲ್ಲಿ ಧವಳೇಶ್ವರದಲ್ಲಿ ಗೋದಾವರಿಗೆ ಆಣೆಕಟ್ಟು ಕಟ್ಟಿದಂದಿನಿಂದ ಆ ನದಿಯ ಮುಖಜಭೂಮಿಯಲ್ಲಿ ಭತ್ತದ ಬೆಳೆಯೂ ಅದರೊಡನೆ ಹಣವೂ ಹೆಚ್ಚುತ್ತ ಬಂದವು. ಇಂಗ್ಲಿಷ್ ವಿದ್ಯೆ ಕಲಿತು ಸರ್ಕಾರಿ ಚಾಕರಿ ಹಿಡಿದ ಹುಡುಗರು ಕೆಲವರು. ಅಂತಹವರಿಗೇ ಮಗಳನ್ನು ಕೊಡಬೇಕೆಂದು ಹಂಬಲಿಸುವ ತಂದೆಗಳು ಹಲವರು. ಸಂತೆಯಲ್ಲಿ ಸರಕು ಕಡಮೆಯಾಗಿ ಗಿರಾಕಿಗಳು ಹೆಚ್ಚಾದರೆ ಏನಾಗುವುದೋ ಇಲ್ಲಿಯೂ ಅದೇ ಆಯಿತು. ಹುಡುಗನ ಪರೀಕ್ಷೆಗೊಂದು ಬೆಲೆ, ನೌಕರಿಗೊಂದು ಬೆಲೆ, ಜಮೀನಿಗೊಂದು ಬೆಲೆ ಗೊತ್ತಾಯಿತು. ಹೆಣ್ಣಿಗೆ ತೆರ ಕೊಡುವುದು ಹೋಗಿ ಗಂಡಿಗೆ ಕಟ್ನ ಕೊಡುವುದು ಬಂದಿತು. ತಕ್ಕಡಿಯ ತಟ್ಟೆಗಳು ಅದಲುಬದಲಾದವಲ್ಲದೆ ತಕ್ಕಡಿ ಮಾತ್ರ ಮನೆಯಿಂದಾಚೆಗೆ ಹೋಗಲಿಲ್ಲ.

ಈ ಹೊಸ ವ್ಯಾಪಾರವನ್ನು ಕಂಡು ಮನನೊಂದವರಲ್ಲಿ ಕಾಳ್ಳಕೂರಿ ನಾರಾಯಣರಾಯರು (೧೮೭೧–೧೯೨೭) ಮುಖ್ಯರು. ಅವರು ಬರೆದ ಸಾಮಾಜಿಕ ನಾಟಕಗಳಲ್ಲಿ ಮೂರು ಪ್ರಸಿದ್ಧವಾದುವು. ವೇಶ್ಯಾವ್ಯಸನವನ್ನು ಕುರಿತದ್ದು ‘ಚಿಂತಾಮಣಿ’. ಕುಡಿತವನ್ನು ಕುರಿತದ್ದು ‘ಮಧುಸೇವ’. ವರದಕ್ಷಿಣೆಯನ್ನು ಕುರಿತದ್ದು ‘ವರವಿಕ್ರಯಂ’. ಊರೂರುಗಳಲ್ಲಿ ನಾಟಕಮಂಡಲಿಗಳು ಇವನ್ನು ಆಡಿದವು. ಓದು ಬಾರದವರೂ ಇವುಗಳ ಪದ್ಯಗಳನ್ನು ಬಾಯಿಪಾಠ ಮಾಡಿದರು.

ಕಥೆ ಸರಳವಾದುದು. ಪುರುಷೋತ್ತಮರಾಯನು ಸರ್ಕಾರಿ ಕೆಲಸದಲ್ಲಿದ್ದು ಬಿಟ್ಟವನು, ಸಾತ್ತ್ವಿಕ. ಅವನ ಹೆಂಡತಿ ಭ್ರಮರಾಂಬ. ಕಾಳಿಂದಿ, ಕಮಲ ಎಂದು ಇಬ್ಬರು ಹೆಣ್ಣುಮಕ್ಕಳು. ಹಿರಿಯಳಿಗೆ ವರನನ್ನು ಹುಡುಕುವ ಚಿಂತೆ ಮನೆಯನ್ನು ಮುತ್ತುತ್ತದೆ. ದಲ್ಲಾಳಿ ಪೇರಯ್ಯನು ಸಂಬಂಧವನ್ನು ತರುತ್ತಾನೆ. (ಮದುವೆ ಕುದುರಿಸುವವನನ್ನು ತೆಲುಗರು ಇಂದಿಗೂ ‘ಪೆಳ್ಳಿಳ್ಳ ಪೇರಯ್ಯ’ ಎಂದೇ ಪರಿಹಾಸ್ಯ ಮಾಡುವುದುಂಟು.) ವರನ ಕಡೆಯ ಯಜಮಾನನು ಸಿಂಗರಾಜು ಲಿಂಗರಾಜು, ಕಾಸಿಗೆ ಕಾಸು ಗಂಟು ಹಾಕುವುದೇ ಬಾಳೆಂದು ತಿಳಿದ ಲೋಭಿ. ಅವನು ಕೇಳಿದಷ್ಟು ಹಣವನ್ನು ಕೂಡಿಸುವುದಕ್ಕಾಗಿ ಪುರುಷೋತ್ತಮರಾಯನು ಇದ್ದ ಜಮೀನನ್ನು ಮಾರುತ್ತಾನೆ. ತನಗಾಗಿ ತಂದೆಯು ದರಿದ್ರನಾಗುವುದನ್ನೂ, ತನ್ನನ್ನು ಮುಂದಿಟ್ಟುಕೊಂಡು ನಡೆದ ಈ ಬೇಹಾರವನ್ನೂ ಕಾಳಿಂದಿಯು ಸಹಿಸಲಾರಳು. ಅವಳು ಪ್ರಾಣವನ್ನೇ ನೀಗಿಕೊಳ್ಳುತ್ತಾಳೆ. ಹೆಣ್ಣು ಸತ್ತಳು, ಆದರೆ ಲಿಂಗರಾಜನ ಪೆಟ್ಟಿಗೆಗೆ ಹೋದ ಹಣವು ಹಿಂದಿರುಗಿ ಬರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಈ ಕಥೆಯು ಕಣ್ಣೀರು ಸುರಿಸುವ ನೂರಾರು ಕಥೆಗಳಲ್ಲಿ ಒಂದಾಗುತ್ತಿದ್ದಿತು. ಕವಿಯು ಹಾಗೆ ಮಾಡಲಿಲ್ಲ. ತಂಗಿ ಕಮಲೆಯು ಮುಂದೆ ಬರುತ್ತಾಳೆ. ಅದೇ ವರನನ್ನು ತಾನು ಮದುವೆಯಾಗುವೆನೆನ್ನುತ್ತಾಳೆ. ಮದುವೆಯೂ ಆಗುತ್ತದೆ. ಆಮೇಲೆ ಅವಳನ್ನು ಅತ್ತೆಯ ಮನೆಗೆ ಕಳುಹಿಸಿರೆಂದು ಕರೆ ಬಂದಾಗ ಅವಳು ಕದಲುವುದಿಲ್ಲ. ಅವಳ ವಾದವಿಷ್ಟೇ: ಹಣ ಕೊಟ್ಟವರು ನಾವು, ಹಣ ಪಡೆದವರು ನೀವು. ಮಾರಿದ ವಸ್ತುವು ಕೊಂಡವನ ಮನೆಗೆ ಹೋಗುವುದು ಲೋಕದ ನ್ಯಾಯ. ಎತ್ತನ್ನು ಮಾರಿದವನು ಎತ್ತಿನೊಡನೆ ಕೊಂಡವನನ್ನೂ ತನ್ನ ಕೊಟ್ಟಿಗೆಗೆ ಬಾರೆಂದು ಕರೆಯುವುದುಂಟೆ? ವ್ಯಾಜ್ಯವು ನ್ಯಾಯಸ್ಥಾನಕ್ಕೆ ಹೋಗುತ್ತದೆ. ಮರ್ಯಾದೆ, ಸಂಪ್ರದಾಯ, ಮಂಗಳಕಾರ್ಯ ಎಂಬ ಹೆಸರುಗಳಲ್ಲಿ ಮುಚ್ಚಿಟ್ಟಿದ್ದ ಲೆಕ್ಕವು ಹತ್ತು ಜನರೆದುರಿಗೆ ಬಯಲಾಗುತ್ತದೆ. ಲಿಂಗರಾಜನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಾಗಿಲ್ಲ.

ಈ ನಾಟಕವನ್ನು ಬೆಳ್ಳಿತೆರೆಗೆ ತಂದವರು ಚಿತ್ತಜಲ್ಲು ಪುಲ್ಲಯ್ಯನವರು. ೧೯೩೪ರಲ್ಲಿ ‘ಲವಕುಶ’ ಚಿತ್ರದಿಂದ ಹೆಸರು ಪಡೆದಿದ್ದವರು. ಚಿತ್ರವನ್ನು ತಯಾರಿಸಿದುದು ಕಲ್ಕತ್ತೆಯ ಈಸ್ಟ್ ಇಂಡಿಯಾ ಫಿಲ್ಮ್ ಕಂಪೆನಿ. ಆ ಕಾಲದಲ್ಲಿ ತೆಲುಗು ಚಿತ್ರಗಳನ್ನು ತೆಗೆಯುವುದಕ್ಕೆ ನಟನಟಿಯರು ಎಷ್ಟೋ ವೇಳೆ ಅಷ್ಟು ದೂರ ಪ್ರಯಾಣ ಮಾಡಬೇಕಾಗಿದ್ದಿತು. ಪುರಾಣದ ಕಥೆಗಳೇ ಹೆಚ್ಚಾಗಿದ್ದ ತೆರೆಯ ಮೇಲೆ ಮನೆಮನೆಯ ಸಂಕಟಗಳು ಕಾಣಿಸಿಕೊಳ್ಳತೊಡಗಿದ ಕಾಲವದು. ಅಸ್ಪೃಶ್ಯತೆಯನ್ನು ಕುರಿತ ‘ಮಾಲಪಿಲ್ಲ’ ೧೯೩೮ರಲ್ಲಿ, ರೈತರ ಬವಣೆಯನ್ನು ಕುರಿತ ‘ರೈತುಬಿಡ್ಡ’ ೧೯೩೯ರಲ್ಲಿ ಬಂದಿದ್ದುವು. ‘ವರವಿಕ್ರಯಂ’ ಚಿತ್ರವು ಈ ಸಾಲಿಗೆ ಸೇರಿತು. ಲಿಂಗರಾಜನ ಪಾತ್ರವನ್ನು ವಹಿಸಿದವರು ‘ಸತ್ಯಹರಿಶ್ಚಂದ್ರ’ ನಾಟಕದ ಕರ್ತೃಗಳಾದ ಬಲಿಜೇಪಲ್ಲಿ ಲಕ್ಷ್ಮೀಕಾಂತಕವಿಗಳು. ಸತ್ಯಕ್ಕಾಗಿ ಸರ್ವಸ್ವವನ್ನೂ ಬಿಟ್ಟ ರಾಜನ ಕಥೆಯನ್ನು ಬರೆದ ಲೇಖನಿಯ ಒಡೆಯರು, ಕಾಸಿಗಾಗಿ ಎಲ್ಲವನ್ನೂ ಬಿಟ್ಟ ಲೋಭಿಯಾಗಿ ಜನರ ಮುಂದೆ ನಿಂತರು.

ಕಮಲೆಯಾಗಿ ಪುಷ್ಪವಲ್ಲಿಯೂ, ಕಾಳಿಂದಿಯಾಗಿ ಭಾನುಮತಿಯೂ ನಟಿಸಿದರು. ಭಾನುಮತಿಗೆ ಇದೇ ಮೊದಲ ಚಿತ್ರ. ೧೯೨೫ರಲ್ಲಿ ಒಂಗೋಲಿನ ಸೀಮೆಯ ದೊಡ್ಡಾವರದಲ್ಲಿ ಹುಟ್ಟಿದ ಆಕೆಗೆ ಆಗಿನ್ನೂ ಹದಿಮೂರು ಹದಿನಾಲ್ಕರ ಪ್ರಾಯ. ಸಂಗೀತಪ್ರಿಯನಾದ ತಂದೆಯೇ ಮಗಳನ್ನು ಕಲ್ಕತ್ತೆಗೆ ಕರೆದುಕೊಂಡು ಹೋದನು. ಯಾವ ನಟನೂ ಅವಳ ಮೈ ಮುಟ್ಟಕೂಡದೆಂಬ ನಿಬಂಧನೆಯನ್ನು ಮೊದಲೇ ಹಾಕಿಸಿದನು. ಈ ಚಿತ್ರದಲ್ಲಿ ಆಕೆ ಹಾಡಿದ ತ್ಯಾಗರಾಜರ ಕೃತಿಯೊಂದನ್ನು ಹಳಬರು ಬಹುಕಾಲ ನೆನೆಯುತ್ತಿದ್ದರು. ತೆರೆಯ ಮೇಲೆ ತಂದೆಗೆ ಭಾರವಾದೆನೆಂದು ಸತ್ತ ಆ ಹುಡುಗಿಯ ನಿಜವಾದ ಬಾಳು ಬೇರೆಯಾಗಿಯೇ ನಡೆಯಿತು. ಗಾಯಕಿಯಾಗಿ, ಲೇಖಕಿಯಾಗಿ, ಚಿತ್ರಶಾಲೆಯ ಒಡತಿಯಾಗಿ ಆಕೆ ಬೆಳೆದರು. ೧೯೫೩ರಲ್ಲಿ ‘ಚಂಡೀರಾಣಿ’ಯನ್ನು ತಾವೇ ನಿರ್ದೇಶಿಸಿದರು. ಅತ್ತೆ ಸೊಸೆಯರ ಸಂಸಾರವನ್ನು ಕುರಿತು ಆಕೆ ಬರೆದ ‘ಅತ್ತಗಾರಿ ಕಥಲು’ ಮನೆಮನೆಗಳನ್ನು ನಗಿಸಿದುವು. ೨೦೦೫ರಲ್ಲಿ ಆಕೆ ಕಾಲವಾದರು. ಬದುಕಲು ಬಿಟ್ಟರೆ ಒಂದು ಹೆಣ್ಣುಮಗು ಏನಾಗಬಲ್ಲದೆಂಬುದಕ್ಕೆ ಬೇರೆ ದೃಷ್ಟಾಂತ ಬೇಕೆ?

ಕಾಳಿಂದಿಯ ಸಾವು ಕವಿಯ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ೧೯೧೪ರಲ್ಲಿ ಕಲ್ಕತ್ತೆಯ ಸ್ನೇಹಲತಾ ಎಂಬ ಬಾಲೆಯು, ತನ್ನ ವರದಕ್ಷಿಣೆಗಾಗಿ ತಂದೆಯು ಮನೆಯನ್ನು ಕಳೆದುಕೊಳ್ಳಬೇಕಾಗಿ ಬಂದುದನ್ನು ಕಂಡು ಪ್ರಾಣತ್ಯಾಗ ಮಾಡಿದಳು. ದೇಶವೆಲ್ಲ ಮರುಗಿತು. ಸಭೆಗಳು ನೆರೆದುವು; ಪತ್ರಿಕೆಗಳು ಅವಳನ್ನು ದೇವಿಯೆಂದು ಹೊಗಳಿದುವು; ತರುಣರು ವರದಕ್ಷಿಣೆ ಮುಟ್ಟುವುದಿಲ್ಲವೆಂದು ಆಣೆಯಿಟ್ಟರು. ಆದರೂ ಪದ್ಧತಿಯು ಅಳಿಯಲಿಲ್ಲ. ಸತ್ತ ಹುಡುಗಿಯನ್ನು ಪೂಜಿಸುವುದು ಸುಲಭ. ಬದುಕಿರುವ ಹುಡುಗಿಯ ಮಾತನ್ನು ಕೇಳುವುದು ಕಷ್ಟ. ನಾರಾಯಣರಾಯರ ಹಿರಿಮೆಯಿರುವುದು ಇಲ್ಲಿಯೇ. ಅಕ್ಕನ ಸಾವಿನಿಂದ ಲಿಂಗರಾಜನ ಒಂದು ಕಾಸೂ ಕರಗಲಿಲ್ಲ. ತಂಗಿಯು ಬದುಕಿದ್ದು ಕೇಳಿದ ಒಂದು ಪ್ರಶ್ನೆಗೆ ಅವನು ತತ್ತರಿಸಿದನು. ನಮ್ಮ ಹೆಣ್ಣುಮಕ್ಕಳಿಗೆ ಯಾರ ದಾರಿಯನ್ನು ಕಲಿಸಬೇಕೆಂಬುದನ್ನು ಕವಿಯು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಈ ಕಥೆಯನ್ನು ನೋಡಿದವರೆಲ್ಲ ಲಿಂಗರಾಜನನ್ನು ಶಪಿಸುತ್ತಾರೆ. ಅದು ನ್ಯಾಯವೇ. ಆದರೆ ಪುರುಷೋತ್ತಮರಾಯನನ್ನು ಕುರಿತು ನಾವು ಯೋಚಿಸುವುದು ಕಡಮೆ. ಅವನು ಕೆಟ್ಟವನಲ್ಲ, ಮಗಳ ಮೇಲೆ ಪ್ರಾಣವಿಟ್ಟುಕೊಂಡವನು. ಆ ಪ್ರೀತಿಯಿಂದಲೇ ಅವನು ಹೊಲವನ್ನು ಮಾರಿದನು. ಆದರೆ ಹೊಲ ಮಾರುವ ಮೊದಲು ಮಗಳನ್ನು ಒಂದು ಮಾತು ಕೇಳಬೇಕೆಂದು ಅವನಿಗೆ ತೋರಿದ್ದರೆ ಕಥೆಯು ಬೇರೆಯಾಗುತ್ತಿದ್ದಿತು. ನಾಲ್ಕು ಜನ ಏನೆನ್ನುವರೋ ಎಂಬ ಭಯವು ಅವನ ಪ್ರೀತಿಗಿಂತ ದೊಡ್ಡದಾಯಿತು. ಕೇಳುವವನ ಲೋಭವೂ ಕೊಡುವವನ ಭಯವೂ ಕೂಡಿದಾಗಲೇ ಈ ವ್ಯಾಪಾರವು ಕುದುರುತ್ತದೆ.

ಈ ಮರ್ಮವನ್ನು ಕಾನೂನು ಮಾಡಿದವರೂ ಅರಿತಿದ್ದರು. ಆಂಧ್ರಪ್ರದೇಶವು ೧೯೫೮ರಲ್ಲಿಯೇ ವರದಕ್ಷಿಣೆ ನಿಷೇಧದ ಶಾಸನವನ್ನು ಮಾಡಿತು; ೧೯೬೧ರಲ್ಲಿ ಇಡೀ ದೇಶಕ್ಕೆ ಅಂತಹ ಶಾಸನವು ಬಂದಿತು. ಅದರಲ್ಲಿ ತೆಗೆದುಕೊಳ್ಳುವವನಂತೆ ಕೊಡುವವನೂ ಅಪರಾಧಿ. ೧೯೮೬ರ ತಿದ್ದುಪಡಿಯು ಶಿಕ್ಷೆಯನ್ನು ಬಿಗಿಗೊಳಿಸಿತು. ಮಕ್ಕಳಿಲ್ಲದ ಹೆಣ್ಣು ಮದುವೆಯಾದ ಏಳು ವರ್ಷಗಳೊಳಗೆ ಅಸಹಜವಾಗಿ ಸತ್ತರೆ ವರದಕ್ಷಿಣೆಯ ಸ್ವತ್ತು ತಾಯಿತಂದೆಗಳಿಗೆ ಹಿಂದಿರುಗಬೇಕೆಂದೂ ಅದು ವಿಧಿಸಿತು. ಲಿಂಗರಾಜನಂತಹವರ ಪೆಟ್ಟಿಗೆಗೆ ಕಾನೂನು ಕೈಹಾಕಿದುದು ಹೀಗೆ. ಆದರೂ ೨೦೨೨ರೊಂದರಲ್ಲಿಯೇ ನಮ್ಮ ದೇಶದಲ್ಲಿ ಆರು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ವರದಕ್ಷಿಣೆಯ ಸಾವಿಗೆ ತುತ್ತಾದರೆಂದು ಸರ್ಕಾರದ ಲೆಕ್ಕವೇ ಹೇಳುತ್ತದೆ.

ತೆಲುಗು ಚಿತ್ರಲೋಕವೂ ಈ ವಿಷಯವನ್ನು ಮರೆಯಲಿಲ್ಲ. ೧೯೬೯ರಲ್ಲಿ ಎನ್. ಟಿ. ರಾಮರಾಯರು ‘ವರಕಟ್ನಂ’ ಎಂಬ ಚಿತ್ರವನ್ನು ನಿರ್ದೇಶಿಸಿ ತಾವೇ ನಟಿಸಿದರು. ೧೯೮೨ರಲ್ಲಿ ಕೆ. ವಿಶ್ವನಾಥರ ‘ಶುಭಲೇಖ’ ಬಂದಿತು. ರಾಮರಾಯರು ಮುಂದೆ ಮುಖ್ಯಮಂತ್ರಿಗಳಾದರು. ಅವರ ಆಳ್ವಿಕೆಯಲ್ಲಿ, ೧೯೮೬ರ ತಿದ್ದುಪಡಿಯಿಂದ, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕುಂಟೆಂದು ಆಂಧ್ರಪ್ರದೇಶವು ಸಾರಿತು. ನಮ್ಮ ಕರ್ನಾಟಕವು ೧೯೯೪ರಲ್ಲಿ ಅದನ್ನು ಅನುಸರಿಸಿತು. ೨೦೦೫ರಲ್ಲಿ ದೇಶಕ್ಕೆಲ್ಲ ಅದೇ ನಿಯಮವಾಯಿತು. ವರದಕ್ಷಿಣೆಗೆ ನಿಜವಾದ ಮದ್ದು ಇಲ್ಲಿದೆಯೆಂದು ನಮಗೆ ತೋರುತ್ತದೆ. ಬೀಗರ ಕೈಗಿಟ್ಟ ಹಣವು ಮಗಳದಲ್ಲ, ಅದು ವರನ ಬೆಲೆ. ಅವಳ ಹೆಸರಿನಲ್ಲಿ ಉಳಿದ ಪಾಲು ಅವಳದು. ಗಂಡನ ಮನೆಯಲ್ಲಿ ಬಾಗಿಲು ಮುಚ್ಚಿದ ದಿನ ಅವಳಿಗೆ ನೆರಳಾಗುವುದು ಅದೇ.

ಮದುವೆಯ ಮಾತುಕತೆಗೆ ಕುಳಿತ ದಿನ ಹಿರಿಯರು ಜಾತಕವನ್ನು ನೋಡುತ್ತಾರೆ, ಗೋತ್ರವನ್ನು ವಿಚಾರಿಸುತ್ತಾರೆ. ಆಮೇಲೆ ದನಿಯನ್ನು ತಗ್ಗಿಸಿ ‘ಕೊಡುವ ಮಾತು’ ಏನೆಂದು ಕೇಳುತ್ತಾರೆ. ದನಿ ತಗ್ಗುವುದೇಕೆ? ಅದು ನಾಚಿಕೆಯ ಮಾತೆಂದು ಕೇಳುವವನ ಅಂತರಂಗಕ್ಕೂ ಗೊತ್ತು. ಆ ಗಳಿಗೆಯಲ್ಲಿ ಹೆಣ್ಣಿನ ತಂದೆಯು ದನಿಯನ್ನು ಏರಿಸದೆಯೇ, ‘ಹುಡುಗನನ್ನು ಮಾರುವುದಾದರೆ ನಮ್ಮ ಮನೆಗೇ ಕಳುಹಿಸಿಕೊಡಿ’ ಎಂದು ಹೇಳಬಲ್ಲವನಾದರೆ, ಅವನ ಮಗಳು ಕಮಲೆಯ ಧೈರ್ಯವನ್ನು ತಾನೇ ಹುಡುಕಿಕೊಳ್ಳಬೇಕಾಗಿ ಬರುವುದಿಲ್ಲ. ಸಂಬಂಧವು ತಪ್ಪಿಹೋದೀತು. ಹೋಗಲಿ. ಹೊಲವೂ ಉಳಿದೀತು, ಮಗಳೂ ಉಳಿದಾಳು.